ಡೇರಿಕ್ಸ್ ಬೂಟ್ ಅಂಡ್ ನ್ಯೂಕ್

ಡೇರಿಕ್ಸ್ ಬೂಟ್ ಅಂಡ್ ನ್ಯೂಕ್, ಸಂಕ್ಷಿಪ್ತವಾಗಿ ಡಿಬ್ಯಾನ್, ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿರುವ ದತ್ತಾಂಶವನ್ನು ಮತ್ತೆ ಪಡೆಯಲಾಗದಂತೆ ಅಳಿಸಿಹಾಕುವ ಒಂದು ಮುಕ್ತ ತಂತ್ರಾಂಶವಾಗಿದೆ. ಇದನ್ನು ಡೇರಿಕ್ ಹಾರ್ನ್ ಎಂಬವರು ರೂಪಿಸಿದರು. ಗಣಕದಲ್ಲಿ ಈಗಾಗಲೇ ಇರುವ ಆಪರೇಟಿಂಗ್ ಸಿಸ್ಟಂ ಅನ್ನು ಅವಲಂಬಿಸದೆ, ಪೆನ್ ಡ್ರೈವ್ ಅಥವಾ ಸಿಡಿಯಿಂದ ನೇರವಾಗಿ ಬೂಟ್ ಆಗಿ, ಆಯ್ದ ಡಿಸ್ಕಿನ ಮೇಲೆ ಆರಂಭದಿಂದ ಕೊನೆಯವರೆಗೆ ಹೊಸ ಅಂಕಿಗಳನ್ನು ಬರೆಯುವುದು ಇದರ ಕೆಲಸ. ಹಳೆಯ ಗಣಕಯಂತ್ರವನ್ನು ಮಾರುವ, ದಾನ ಮಾಡುವ ಅಥವಾ ಗುಜರಿಗೆ ಹಾಕುವ ಮುನ್ನ ಅದರಲ್ಲಿರುವ ಖಾಸಗಿ ಮಾಹಿತಿಯನ್ನು ನಾಶಪಡಿಸಲು ಇದು ದೀರ್ಘಕಾಲ ಬಳಕೆಯಲ್ಲಿದೆ. ಕಾಂತೀಯ ಹಾರ್ಡ್ ಡಿಸ್ಕುಗಳಿಗಾಗಿ ರಚಿತವಾದ ಈ ತಂತ್ರಾಂಶವು ಎಸ್‌ಎಸ್‌ಡಿಗಳಿಗೆ ಸೂಕ್ತವಲ್ಲ. ಆದ್ದರಿಂದ ಇದನ್ನು ಬಳಸುವ ಮೊದಲು ಗಣಕದಲ್ಲಿ ಯಾವ ಬಗೆಯ ಡಿಸ್ಕ್ ಇದೆ ಎಂಬುದನ್ನು ತಿಳಿಯುವುದು ಅತ್ಯವಶ್ಯ.

ಹಿನ್ನೆಲೆ

ಗಣಕದಲ್ಲಿ ಒಂದು ಕಡತವನ್ನು ಅಳಿಸಿದಾಗ ಅದರ ಒಳಗಿನ ದತ್ತಾಂಶ ಸಾಮಾನ್ಯವಾಗಿ ತಕ್ಷಣ ನಾಶವಾಗುವುದಿಲ್ಲ. ಕಡತವು ಡಿಸ್ಕಿನ ಯಾವ ಭಾಗದಲ್ಲಿದೆ ಎಂಬುದನ್ನು ಸೂಚಿಸುವ ದಾಖಲೆಯನ್ನು ಮಾತ್ರ ಕಡತ ವ್ಯವಸ್ಥೆಯು ಬದಲಿಸುತ್ತದೆ. ಉದಾಹರಣೆಗೆ, ಫ್ಯಾಟ್ ಕಡತ ವ್ಯವಸ್ಥೆಯಲ್ಲಿ ಕಡತದ ಹೆಸರಿನ ಮೊದಲ ಬೈಟ್ ಅನ್ನು ಬದಲಾಯಿಸಿ, ಅದು ಬಳಸುತ್ತಿದ್ದ ಜಾಗವನ್ನು ಖಾಲಿಯೆಂದು ಗುರುತಿಸಲಾಗುತ್ತದೆ. ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಕಡತದ ದಾಖಲೆಯು ಬಳಕೆಯಲ್ಲಿಲ್ಲ ಎಂಬ ಗುರುತು ಬೀಳುತ್ತದೆ. ಗ್ರಂಥಾಲಯದ ಸೂಚಿಯಿಂದ ಒಂದು ಪುಸ್ತಕದ ಹೆಸರನ್ನು ಹೊಡೆದುಹಾಕಿ, ಪುಸ್ತಕವನ್ನು ಕಪಾಟಿನಲ್ಲೇ ಉಳಿಸಿದಂತೆ ಇದು. ಆ ಜಾಗದಲ್ಲಿ ಬೇರೊಂದು ಕಡತ ಬಂದು ಕೂರುವವರೆಗೆ ಹಳೆಯ ದತ್ತಾಂಶ ಅಲ್ಲಿಯೇ ಇರುತ್ತದೆ ಮತ್ತು ದತ್ತಾಂಶ ಮರುಪಡೆಯುವ ತಂತ್ರಾಂಶಗಳು ಅದನ್ನು ಹೊರತೆಗೆಯಬಲ್ಲವು.

ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದೂ ಎಲ್ಲ ಸಂದರ್ಭಗಳಲ್ಲಿ ಸಾಕಾಗುವುದಿಲ್ಲ. ಕ್ವಿಕ್ ಫಾರ್ಮ್ಯಾಟ್ ಕ್ರಿಯೆಯು ಕಡತ ವ್ಯವಸ್ಥೆಯ ಸೂಚಿಯನ್ನು ಹೊಸದಾಗಿ ರಚಿಸುತ್ತದೆಯೇ ಹೊರತು ಉಳಿದ ಭಾಗವನ್ನು ಮುಟ್ಟುವುದಿಲ್ಲ. ವಿಂಡೋಸ್ ವಿಸ್ತಾ ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಪೂರ್ಣ ಫಾರ್ಮ್ಯಾಟ್ ಮಾಡಿದಾಗ ಆ ವಿಭಾಗದ ಮೇಲೆಲ್ಲ ಸೊನ್ನೆಗಳು ಬರೆಯಲ್ಪಡುತ್ತವೆ. ಅದಕ್ಕೂ ಹಿಂದಿನ ವಿಂಡೋಸ್ ಆವೃತ್ತಿಗಳಲ್ಲಿ ಪೂರ್ಣ ಫಾರ್ಮ್ಯಾಟ್ ಕೂಡ ಹಳೆಯ ದತ್ತಾಂಶವನ್ನು ಉಳಿಸುತ್ತಿತ್ತು.

ಈ ತಪ್ಪು ಕಲ್ಪನೆಯ ಪರಿಣಾಮವನ್ನು ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿಕೊಟ್ಟಿತು. ಅವರು ಅಮೆರಿಕದ ಹಳೆಯ ವಸ್ತುಗಳ ಮಾರುಕಟ್ಟೆಯಿಂದ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿದರು. ಅವುಗಳಲ್ಲಿ ಕೆಲಸ ಮಾಡುತ್ತಿದ್ದ 129 ಡಿಸ್ಕುಗಳ ಪೈಕಿ ಕೇವಲ 12 ಮಾತ್ರ ಸರಿಯಾಗಿ ಅಳಿಸಲ್ಪಟ್ಟಿದ್ದವು. ಉಳಿದವುಗಳಲ್ಲಿ 5000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ವಿವರಗಳು ಮತ್ತು ವೈಯಕ್ತಿಕ ಪತ್ರಗಳು ದೊರೆತವು. ಅನೇಕ ಡಿಸ್ಕುಗಳನ್ನು ಮಾರಾಟಕ್ಕೂ ಮುನ್ನ ಫಾರ್ಮ್ಯಾಟ್ ಮಾಡಲಾಗಿತ್ತು. ಮಾರಿದವರು ಅಷ್ಟಕ್ಕೇ ಮಾಹಿತಿ ಹೋಯಿತೆಂದು ನಂಬಿದ್ದರು.

ಇಂತಹ ಅಜಾಗರೂಕತೆ ದೊಡ್ಡ ಸಂಸ್ಥೆಗಳಲ್ಲೂ ಕಂಡುಬಂದಿದೆ. ಹಳೆಯ ಸರ್ವರ್‌ಗಳು ಮತ್ತು ಹಾರ್ಡ್ ಡಿಸ್ಕುಗಳ ವಿಲೇವಾರಿಯನ್ನು ದತ್ತಾಂಶ ನಾಶದ ಅನುಭವವಿಲ್ಲದ ಸಾಗಣೆ ಕಂಪನಿಗೆ ವಹಿಸಿದ್ದಕ್ಕಾಗಿ ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆಯ ಮೇಲೆ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಣ ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ 3.5 ಕೋಟಿ ಡಾಲರ್ ದಂಡ ವಿಧಿಸಿತು.

ಇತಿಹಾಸ

ಡಿಬ್ಯಾನ್ ಯೋಜನೆಯು ಸೋರ್ಸ್‌ಫೋರ್ಜ್ ಜಾಲತಾಣದ ಮೂಲಕ ಉಚಿತವಾಗಿ ವಿತರಣೆಯಾಯಿತು. ಆರಂಭದ ಆವೃತ್ತಿಗಳು ಒಂದು ಫ್ಲಾಪಿ ಡಿಸ್ಕಿನಲ್ಲಿ ಹಿಡಿಯುವಷ್ಟು ಚಿಕ್ಕದಾಗಿದ್ದವು. ಲಿನಕ್ಸ್ ಕರ್ನೆಲ್ ಮತ್ತು ಅಳಿಸುವ ಕೆಲಸವನ್ನು ನಿರ್ವಹಿಸುವ ಡಿವೈಪ್ ಎಂಬ ಕ್ರಮವಿಧಿ ಇದರ ಮುಖ್ಯ ಅಂಗಗಳಾಗಿವೆ. 2012ರ ಸೆಪ್ಟೆಂಬರ್‌ನಲ್ಲಿ ಫಿನ್ಲೆಂಡ್ ಮೂಲದ ಬ್ಲಾಂಕೊ ಕಂಪನಿಯು ಡಿಬ್ಯಾನ್ ಅನ್ನು ತನ್ನದಾಗಿಸಿಕೊಂಡಿತು. 2015ರಲ್ಲಿ 2.3.0 ಆವೃತ್ತಿ ಬಿಡುಗಡೆಯಾಯಿತು. ಡಿಬ್ಯಾನ್ ವೈಯಕ್ತಿಕ ಬಳಕೆಗೆ ಉದ್ದೇಶಿತವಾಗಿದ್ದು, ಎಸ್‌ಎಸ್‌ಡಿಗಳನ್ನು ಗುರುತಿಸಿ ಅಳಿಸುವುದಿಲ್ಲ ಮತ್ತು ಅಳಿಸಿದ್ದಕ್ಕೆ ಪ್ರಮಾಣಪತ್ರ ನೀಡುವುದಿಲ್ಲ ಎಂದು ಬ್ಲಾಂಕೊ ಸ್ಪಷ್ಟಪಡಿಸಿದೆ.

ಡಿವೈಪ್ ಕ್ರಮವಿಧಿಯನ್ನು ಡಿಬ್ಯಾನ್‌ನಿಂದ ಬೇರ್ಪಡಿಸಿ, ಯಾವುದೇ ಲಿನಕ್ಸ್ ವಿತರಣೆಯಲ್ಲಿ ಬಳಸಲು ಅನುಕೂಲವಾಗುವಂತೆ ಎನ್‌ವೈಪ್ ಎಂಬ ಹೆಸರಿನಲ್ಲಿ ಸ್ವಯಂಸೇವಕರು ಬೆಳೆಸಿದರು. ಎನ್‌ವೈಪ್ ಅನ್ನು ಒಳಗೊಂಡು ಪೆನ್ ಡ್ರೈವ್‌ನಿಂದ ಬೂಟ್ ಆಗುವ ಪುಟ್ಟ ವ್ಯವಸ್ಥೆಗೆ ಶ್ರೆಡ್‌ಒಎಸ್ ಎಂದು ಹೆಸರು. ಇದು ಹಳೆಯ ಬಯೋಸ್ ಮತ್ತು ಹೊಸ ಯುಇಎಫ್‌ಐ ಎರಡೂ ಬಗೆಯ ಗಣಕಗಳಲ್ಲಿ ಆರಂಭವಾಗುವುದರಿಂದ ಡಿಬ್ಯಾನ್‌ನ ಸ್ಥಾನವನ್ನು ಬಹುಮಟ್ಟಿಗೆ ತುಂಬಿದೆ.

ಕಾರ್ಯವಿಧಾನ

ವಿಂಡೋಸ್‌ನಂತಹ ಆಪರೇಟಿಂಗ್ ಸಿಸ್ಟಂ ತಾನು ನೆಲೆಸಿರುವ ಡಿಸ್ಕನ್ನು ತಾನೇ ಸಂಪೂರ್ಣವಾಗಿ ಅಳಿಸಲಾರದು. ಅದು ಚಾಲನೆಯಲ್ಲಿರುವಾಗ ತನ್ನ ಕಡತಗಳನ್ನು ನಿರಂತರವಾಗಿ ಬಳಸುತ್ತಿರುತ್ತದೆ. ಕುಳಿತ ಕೊಂಬೆಯನ್ನು ತಾನೇ ಕಡಿಯುವ ಸ್ಥಿತಿ ಅದರದ್ದು. ಈ ತೊಡಕನ್ನು ನಿವಾರಿಸಲು ಡಿಬ್ಯಾನ್ ಪೆನ್ ಡ್ರೈವ್‌ನಿಂದ ಗಣಕದ ರ‍್ಯಾಮ್‌ಗೆ ಬಂದು, ಅಲ್ಲಿಂದಲೇ ಚಾಲನೆಗೊಳ್ಳುತ್ತದೆ. ಆಗ ಒಳಗಿನ ಡಿಸ್ಕ್ ಯಾರ ಬಳಕೆಯಲ್ಲೂ ಇರುವುದಿಲ್ಲ. ಆಪರೇಟಿಂಗ್ ಸಿಸ್ಟಂ, ಎಲ್ಲ ವಿಭಾಗಗಳು, ಮರುಸ್ಥಾಪನೆಗಾಗಿ ತಯಾರಕರು ಇರಿಸಿದ ವಿಭಾಗ, ಬೂಟ್ ದಾಖಲೆ ಇವೆಲ್ಲವನ್ನೂ ಭೇದವಿಲ್ಲದೆ ಅಳಿಸಬಹುದು.

ಡಿಬ್ಯಾನ್ ಕಡತಗಳನ್ನು ಹುಡುಕುವುದಿಲ್ಲ. ಡಿಸ್ಕಿನ ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್‌ವರೆಗೆ ಸಾಲಾಗಿ ಸೊನ್ನೆಗಳನ್ನೋ ನಿರ್ದಿಷ್ಟ ವಿನ್ಯಾಸಗಳನ್ನೋ ಯಾದೃಚ್ಛಿಕ ಅಂಕಿಗಳನ್ನೋ ಬರೆಯುತ್ತ ಹೋಗುತ್ತದೆ. ಹೀಗೆ ಒಮ್ಮೆ ಇಡೀ ಡಿಸ್ಕನ್ನು ಹಾದುಹೋಗುವುದಕ್ಕೆ ಒಂದು ಸುತ್ತು ಎನ್ನಲಾಗುತ್ತದೆ. ಯಾದೃಚ್ಛಿಕ ಅಂಕಿಗಳನ್ನು ಉತ್ಪಾದಿಸಲು ಮರ್ಸೆನ್ ಟ್ವಿಸ್ಟರ್ ಮತ್ತು ಐಸಾಕ್ ಎಂಬ ಎರಡು ಗಣಿತ ಕ್ರಮಗಳು ಇದರಲ್ಲಿವೆ. ಬರೆದದ್ದನ್ನು ಮತ್ತೆ ಓದಿ ಪರಿಶೀಲಿಸುವ ಸೌಲಭ್ಯವೂ ಇದೆ. ಪರಿಶೀಲನೆಯನ್ನು ಕೊನೆಯ ಸುತ್ತಿಗೆ ಮಾತ್ರ ಅಥವಾ ಪ್ರತಿ ಸುತ್ತಿಗೂ ನಿಗದಿಪಡಿಸಬಹುದು.

ಅಳಿಸುವ ಕ್ರಮಗಳು

ಡಿಬ್ಯಾನ್‌ನಲ್ಲಿ ಈ ಕೆಳಗಿನ ಕ್ರಮಗಳು ಲಭ್ಯವಿವೆ:

• ಕ್ವಿಕ್ ಇರೇಸ್: ಡಿಸ್ಕಿನ ಮೇಲೆಲ್ಲ ಒಂದು ಸುತ್ತು ಸೊನ್ನೆಗಳನ್ನು ಬರೆಯುತ್ತದೆ.
• ಡಿಒಡಿ ಶಾರ್ಟ್: ಅಮೆರಿಕದ ರಕ್ಷಣಾ ಇಲಾಖೆಯ 5220.22-ಎಂ ಕೈಪಿಡಿಯನ್ನು ಆಧರಿಸಿದ 3 ಸುತ್ತುಗಳ ಕ್ರಮ. ಬಳಕೆದಾರರು ಬೇರೆ ಆಯ್ಕೆ ಮಾಡದಿದ್ದರೆ ಇದೇ ಜಾರಿಗೆ ಬರುತ್ತದೆ.
• ಡಿಒಡಿ 5220.22-ಎಂ: ಅದೇ ಕ್ರಮದ 7 ಸುತ್ತುಗಳ ರೂಪ.
• ಆರ್‌ಸಿಎಂಪಿ ಟಿಎಸ್‌ಎಸ್‌ಐಟಿ ಒಪಿಎಸ್-2: ಕೆನಡಾದ ಪೊಲೀಸ್ ಇಲಾಖೆಯ ಮಾನದಂಡವನ್ನು ಅನುಸರಿಸುವ 8 ಸುತ್ತುಗಳ ಕ್ರಮ.
• ಗುಟ್‌ಮನ್ ಕ್ರಮ: 35 ಸುತ್ತುಗಳು.
• ಪಿಆರ್‌ಎನ್‌ಜಿ ಸ್ಟ್ರೀಮ್: ಯಾದೃಚ್ಛಿಕ ಅಂಕಿಗಳಿಂದ ಡಿಸ್ಕನ್ನು ತುಂಬುವ ಕ್ರಮ.

ಬಳಕೆಯ ವಿಧಾನ

ಅಳಿಸುವ ಕೆಲಸ ಆರಂಭವಾದ ಮೇಲೆ ಹಿಂದಿರುಗುವ ದಾರಿಯಿಲ್ಲ. ಬೇಕಾದ ಕಡತಗಳನ್ನು ಮೊದಲೇ ಬೇರೆಡೆ ನಕಲು ಮಾಡಿ, ಆ ನಕಲುಗಳು ಸರಿಯಾಗಿ ತೆರೆಯುತ್ತವೆಯೇ ಎಂದು ಇನ್ನೊಂದು ಗಣಕದಲ್ಲಿ ನೋಡಿಕೊಳ್ಳುವುದು ಮೊದಲ ಹೆಜ್ಜೆ. ಅಳಿಸಬಾರದ ಎಲ್ಲ ಡಿಸ್ಕುಗಳನ್ನು, ಮುಖ್ಯವಾಗಿ ಯುಎಸ್‌ಬಿ ಮೂಲಕ ಜೋಡಿಸಿದ ಬಾಹ್ಯ ಹಾರ್ಡ್ ಡಿಸ್ಕುಗಳನ್ನು, ಕೇಬಲ್ ಸಹಿತ ಕಳಚಿಡಬೇಕು. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಜೋಡಿಸಿರಬೇಕು.

ಡಿಬ್ಯಾನ್ ಐಎಸ್‌ಒ ಕಡತದ ರೂಪದಲ್ಲಿ ದೊರೆಯುತ್ತದೆ. ಅದನ್ನು ಪೆನ್ ಡ್ರೈವ್‌ಗೆ ಸುಮ್ಮನೆ ನಕಲು ಮಾಡಿದರೆ ಗಣಕ ಅದರಿಂದ ಬೂಟ್ ಆಗುವುದಿಲ್ಲ. ರೂಫಸ್‌ನಂತಹ ತಂತ್ರಾಂಶದ ಮೂಲಕ ಅದನ್ನು ಬೂಟ್ ಮಾಡಬಹುದಾದ ರೂಪದಲ್ಲಿ ಬರೆಯಬೇಕಾಗುತ್ತದೆ. ಈ ಕ್ರಿಯೆಯಲ್ಲಿ ಪೆನ್ ಡ್ರೈವ್‌ನಲ್ಲಿದ್ದ ಹಳೆಯ ಕಡತಗಳು ಅಳಿದುಹೋಗುತ್ತವೆ. ಬಳಿಕ ಗಣಕವನ್ನು ಮರುಪ್ರಾರಂಭಿಸಿ, ಬೂಟ್ ಮೆನುವಿನಲ್ಲಿ ಪೆನ್ ಡ್ರೈವ್ ಅನ್ನು ಆಯ್ದುಕೊಳ್ಳಬೇಕು. ಈ ಮೆನುವನ್ನು ತೆರೆಯುವ ಕೀಲಿಯು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಎಫ್2, ಎಫ್9, ಎಫ್12 ಮತ್ತು ಎಸ್ಕೇಪ್ ಸಾಮಾನ್ಯವಾಗಿ ಬಳಕೆಯಲ್ಲಿವೆ. ಡಿಬ್ಯಾನ್ ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗುವುದಿಲ್ಲವಾದ್ದರಿಂದ ಲೆಗಸಿ ಬಯೋಸ್ ವಿಧಾನವನ್ನು ಸಕ್ರಿಯಗೊಳಿಸಬೇಕಾಗುತ್ತದೆ.

ಡಿಬ್ಯಾನ್ ಆರಂಭವಾದಾಗ ನೀಲಿ ಪರದೆಯೊಂದು ಕಾಣಿಸುತ್ತದೆ. ಅಲ್ಲಿ ಎಂಟರ್ ಒತ್ತಿದರೆ ಡಿಸ್ಕುಗಳ ಪಟ್ಟಿ ತೆರೆಯುತ್ತದೆ. ಡಿಸ್ಕಿನ ತಯಾರಕರ ಹೆಸರು ಮತ್ತು ಗಾತ್ರವನ್ನು ನೋಡಿ ಅಳಿಸಬೇಕಾದುದನ್ನು ಗುರುತಿಸಿ, ಸ್ಪೇಸ್ ಕೀಲಿಯಿಂದ ಆಯ್ಕೆ ಮಾಡಲಾಗುತ್ತದೆ. ಎಂ ಕೀಲಿಯಿಂದ ಕ್ರಮವನ್ನೂ, ವಿ ಕೀಲಿಯಿಂದ ಪರಿಶೀಲನೆಯ ಬಗೆಯನ್ನೂ, ಆರ್ ಕೀಲಿಯಿಂದ ಪುನರಾವರ್ತನೆಯ ಸಂಖ್ಯೆಯನ್ನೂ ಬದಲಿಸಬಹುದು. ಎಫ್10 ಒತ್ತಿದ ಕೂಡಲೇ ಕೆಲಸ ಆರಂಭವಾಗುತ್ತದೆ.

ಮೊದಲ ಪರದೆಯಲ್ಲಿ ಆಟೋನ್ಯೂಕ್ ಎಂಬ ಆಜ್ಞೆಯನ್ನು ನೀಡಿದರೆ ಡಿಬ್ಯಾನ್ ಯಾವ ಪ್ರಶ್ನೆಯನ್ನೂ ಕೇಳದೆ ತನಗೆ ಕಾಣುವ ಎಲ್ಲ ಡಿಸ್ಕುಗಳನ್ನು ಅಳಿಸಲು ತೊಡಗುತ್ತದೆ. ಈ ಆಜ್ಞೆ ಅನೇಕ ಗಣಕಗಳನ್ನು ಒಟ್ಟಿಗೆ ವಿಲೇವಾರಿ ಮಾಡುವವರಿಗೆ ಅನುಕೂಲಕರ. ಮನೆಯಲ್ಲಿ ಬಳಸುವವರಿಗೆ ಅಪಾಯಕರ. ಕೆಲಸವನ್ನು ನಡುವೆ ನಿಲ್ಲಿಸುವುದರಿಂದಲೂ ಪ್ರಯೋಜನವಿಲ್ಲ. ಡಿಸ್ಕಿನ ಆರಂಭದಲ್ಲಿರುವ ವಿಭಾಗಗಳ ಪಟ್ಟಿ ಮೊದಲ ಕ್ಷಣಗಳಲ್ಲೇ ನಾಶವಾಗುವುದರಿಂದ ಗಣಕ ಮತ್ತೆ ಆರಂಭವಾಗದು. ಇನ್ನೊಂದೆಡೆ ಬರೆಯದೆ ಉಳಿದ ಭಾಗದಲ್ಲಿನ ದತ್ತಾಂಶವನ್ನು ತಿಳಿದವರು ಹೊರತೆಗೆಯಬಲ್ಲರು.

ತಗಲುವ ಸಮಯ

ಅಳಿಸುವ ಸಮಯವು ಡಿಸ್ಕಿನ ಗಾತ್ರ, ಅದರ ವೇಗ ಮತ್ತು ಸುತ್ತುಗಳ ಸಂಖ್ಯೆಯನ್ನು ಅವಲಂಬಿಸಿದೆ. 1 ಟೆರಾಬೈಟ್ ಗಾತ್ರದ ಡಿಸ್ಕಿನ ಮೇಲೆ ಸೆಕೆಂಡಿಗೆ ಸರಾಸರಿ 150 ಮೆಗಾಬೈಟ್ ವೇಗದಲ್ಲಿ ಬರೆದರೆ ಒಂದು ಸುತ್ತಿಗೆ ಸುಮಾರು 1 ಗಂಟೆ 50 ನಿಮಿಷ ಬೇಕಾಗುತ್ತದೆ. ಇದೇ ಲೆಕ್ಕದಲ್ಲಿ 3 ಸುತ್ತುಗಳಿಗೆ ಸುಮಾರು ಐದೂವರೆ ಗಂಟೆ, 35 ಸುತ್ತುಗಳಿಗೆ ಎರಡೂವರೆ ದಿನಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಪರಿಶೀಲನೆಗಾಗಿ ಡಿಸ್ಕನ್ನು ಒಮ್ಮೆ ಪೂರ್ತಿಯಾಗಿ ಓದಲು ಇನ್ನೊಂದು ಸುತ್ತಿನಷ್ಟೇ ಸಮಯ ಸೇರುತ್ತದೆ.

ಸುತ್ತುಗಳ ಸಂಖ್ಯೆಯ ಕುರಿತ ಚರ್ಚೆ

ಒಮ್ಮೆ ಮೇಲೆ ಬರೆದರೆ ಸಾಲದು ಎಂಬ ನಂಬಿಕೆ ಬಹುಕಾಲದಿಂದ ಇದೆ. ಇದಕ್ಕೆ ಮುಖ್ಯ ಆಧಾರವಾದುದು ಪೀಟರ್ ಗುಟ್‌ಮನ್ ಅವರು 1996ರಲ್ಲಿ ಮಂಡಿಸಿದ ಪ್ರಬಂಧ. ಹೊಸ ಅಂಕಿಗಳನ್ನು ಬರೆದ ಮೇಲೂ ಕಾಂತೀಯ ಮೇಲ್ಮೈಯಲ್ಲಿ ಹಳೆಯ ಅಂಕಿಗಳ ಕುರುಹು ಉಳಿಯಬಹುದು, ಅದನ್ನು ಸೂಕ್ಷ್ಮದರ್ಶಕದ ನೆರವಿನಿಂದ ಓದುವ ಸಾಧ್ಯತೆಯಿದೆ ಎಂದು ಅವರು ವಾದಿಸಿದರು. ಅವರು ಸೂಚಿಸಿದ 35 ಸುತ್ತುಗಳು ಆ ಕಾಲದಲ್ಲಿ ಬಳಕೆಯಲ್ಲಿದ್ದ ಎಂಎಫ್‌ಎಂ, ಆರ್‌ಎಲ್‌ಎಲ್ ಮುಂತಾದ ಬೇರೆ ಬೇರೆ ಸಂಕೇತೀಕರಣ ಪದ್ಧತಿಗಳೆಲ್ಲವನ್ನೂ ಒಳಗೊಳ್ಳುವ ಉದ್ದೇಶದವು. ಒಂದು ಡಿಸ್ಕಿನಲ್ಲಿ ಒಂದೇ ಪದ್ಧತಿ ಇರುವುದರಿಂದ ಎಲ್ಲ 35 ಸುತ್ತುಗಳನ್ನು ನಡೆಸುವುದು ಅರ್ಥಹೀನವೆಂದೂ, ಆಧುನಿಕ ಡಿಸ್ಕುಗಳಿಗೆ ಕೆಲವು ಯಾದೃಚ್ಛಿಕ ಸುತ್ತುಗಳೇ ಸಾಕೆಂದೂ ಗುಟ್‌ಮನ್ ಅವರೇ ನಂತರ ಸೇರಿಸಿದ ಟಿಪ್ಪಣಿಯಲ್ಲಿ ಹೇಳಿದ್ದಾರೆ.

2008ರಲ್ಲಿ ಕ್ರೇಗ್ ರೈಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, ಒಮ್ಮೆ ಮೇಲೆ ಬರೆದ ಆಧುನಿಕ ಹಾರ್ಡ್ ಡಿಸ್ಕಿನಿಂದ ಉಪಯುಕ್ತ ದತ್ತಾಂಶವನ್ನು ಸೂಕ್ಷ್ಮದರ್ಶಕದಿಂದ ಪಡೆಯುವುದು ಕಾರ್ಯಸಾಧ್ಯವಲ್ಲವೆಂದು ತೋರಿಸಿತು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2006ರಲ್ಲಿ ಹೊರತಂದ 800-88 ಮಾರ್ಗಸೂಚಿಯೂ, 2001ರ ನಂತರ ತಯಾರಾದ 15 ಗಿಗಾಬೈಟ್‌ಗಿಂತ ದೊಡ್ಡ ಎಟಿಎ ಡಿಸ್ಕುಗಳಿಗೆ ಒಂದು ಸುತ್ತು ಸಾಕೆಂಬ ನಿಲುವನ್ನು ತಳೆಯಿತು. ರಕ್ಷಣಾ ಇಲಾಖೆಯ 5220.22-ಎಂ ಕೈಪಿಡಿಯ 2006ರ ಪರಿಷ್ಕರಣೆಯಲ್ಲಿ ಮೇಲೆ ಬರೆಯುವ ನಿರ್ದಿಷ್ಟ ಕ್ರಮದ ಪ್ರಸ್ತಾಪವೇ ಇಲ್ಲ. ಹಾಗಿದ್ದರೂ ಅನೇಕ ತಂತ್ರಾಂಶಗಳು ಆ ಹೆಸರನ್ನು ಇಂದಿಗೂ ಬಳಸುತ್ತಿವೆ. ಹೆಚ್ಚು ಸುತ್ತುಗಳಿಗಿಂತ, ಒಂದು ಸುತ್ತನ್ನು ಪೂರ್ಣಗೊಳಿಸಿ ಅದನ್ನು ಪರಿಶೀಲಿಸುವುದು ಹೆಚ್ಚು ಪ್ರಯೋಜನಕಾರಿ.

ಮಿತಿಗಳು

ಎಸ್‌ಎಸ್‌ಡಿಗಳು: ಹಾರ್ಡ್ ಡಿಸ್ಕಿನಲ್ಲಿ ಒಂದು ವಿಳಾಸಕ್ಕೆ ಬರೆದ ಅಂಕಿ ಸಾಮಾನ್ಯವಾಗಿ ಅದೇ ಭೌತಿಕ ಜಾಗದಲ್ಲಿ ಕೂರುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಫ್ಲಾಶ್ ಸ್ಮೃತಿಕೋಶಗಳು ಸೀಮಿತ ಸಂಖ್ಯೆಯ ಬರವಣಿಗೆಗಳನ್ನಷ್ಟೇ ತಾಳಬಲ್ಲವು. ಸವೆತವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚಲು ಎಸ್‌ಎಸ್‌ಡಿಯ ಒಳಗಿನ ನಿಯಂತ್ರಕವು ಪ್ರತಿ ಬಾರಿಯೂ ಹೊಸ ಜಾಗವನ್ನು ಆರಿಸಿ ಬರೆಯುತ್ತದೆ ಮತ್ತು ಹಳೆಯ ಜಾಗವನ್ನು ಮುಂದೆ ಅಳಿಸಲು ಗುರುತಿಸುತ್ತದೆ. ಇದಲ್ಲದೆ ಹೊರಗೆ ಕಾಣದ ಹೆಚ್ಚುವರಿ ಸಂಗ್ರಹವೂ ಅದರಲ್ಲಿರುತ್ತದೆ. ಹೀಗಾಗಿ ಹೊರಗಿನ ತಂತ್ರಾಂಶವು ಡಿಸ್ಕ್ ಪೂರ್ತಿ ಬರೆದೆನೆಂದು ವರದಿ ಮಾಡಿದರೂ ಹಳೆಯ ದತ್ತಾಂಶದ ತುಣುಕುಗಳು ಒಳಗೆ ಉಳಿಯಬಹುದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಎಸ್‌ಎಸ್‌ಡಿಗಳ ಫ್ಲಾಶ್ ಚಿಪ್‌ಗಳನ್ನು ನೇರವಾಗಿ ಓದಿ ಪರೀಕ್ಷಿಸಿದರು. ಇಡೀ ಡಿಸ್ಕನ್ನು ಎರಡು ಬಾರಿ ಮೇಲೆ ಬರೆಯುವುದು ಹೆಚ್ಚಿನ ಸಂದರ್ಭಗಳಲ್ಲಿ ಸಾಕಾದರೂ ಎಲ್ಲ ಸಂದರ್ಭಗಳಲ್ಲಿ ಅಲ್ಲವೆಂದೂ, ಒಂದೊಂದೇ ಕಡತವನ್ನು ಸುರಕ್ಷಿತವಾಗಿ ಅಳಿಸುವ ತಂತ್ರಗಳು ಎಸ್‌ಎಸ್‌ಡಿಯಲ್ಲಿ ವಿಫಲವಾಗುತ್ತವೆಯೆಂದೂ ಅವರು ಕಂಡುಕೊಂಡರು.

ಕೆಟ್ಟ ಸೆಕ್ಟರ್‌ಗಳು: ಹಾರ್ಡ್ ಡಿಸ್ಕಿನ ಒಂದು ಸೆಕ್ಟರ್ ಕೆಡುವ ಲಕ್ಷಣ ತೋರಿದಾಗ ಡಿಸ್ಕ್ ಅದನ್ನು ಬಳಕೆಯಿಂದ ತೆಗೆದು, ಬದಲಿ ಸೆಕ್ಟರ್ ಒದಗಿಸುತ್ತದೆ. ಹೀಗೆ ಹೊರಗುಳಿದ ಸೆಕ್ಟರ್‌ಗಳನ್ನು ಡಿಬ್ಯಾನ್ ತಲುಪಲಾರದು.

ಮರೆಯಾದ ಪ್ರದೇಶಗಳು: ಎಚ್‌ಪಿಎ ಮತ್ತು ಡಿಸಿಒ ಎಂಬ ವ್ಯವಸ್ಥೆಗಳ ಮೂಲಕ ಡಿಸ್ಕಿನ ಒಂದು ಭಾಗವನ್ನು ಆಪರೇಟಿಂಗ್ ಸಿಸ್ಟಂನಿಂದ ಮರೆಮಾಡಬಹುದು. ಪರದೆಯಲ್ಲಿ ಕಾಣುವ ಗಾತ್ರವು ಡಿಸ್ಕಿನ ಮೇಲೆ ಮುದ್ರಿತವಾದ ಗಾತ್ರಕ್ಕಿಂತ ಗಮನಾರ್ಹವಾಗಿ ಕಡಿಮೆಯಿದ್ದರೆ ಇಂತಹ ಪ್ರದೇಶ ಇರುವ ಸಾಧ್ಯತೆಯನ್ನು ಪರಿಗಣಿಸಬೇಕು.

ಕೆಟ್ಟುಹೋದ ಡಿಸ್ಕುಗಳು: ಚಾಲನೆಯಾಗದ ಡಿಸ್ಕಿನ ಮೇಲೆ ಯಾವ ತಂತ್ರಾಂಶವೂ ಬರೆಯಲಾರದು. ಆದರೆ ಅದರ ದತ್ತಾಂಶ ಇನ್ನೂ ಒಳಗೇ ಇರಬಹುದು. ಅಂತಹ ಡಿಸ್ಕುಗಳನ್ನು ಭೌತಿಕವಾಗಿ ನಾಶಪಡಿಸುವುದೊಂದೇ ದಾರಿ.

ಎಸ್‌ಎಸ್‌ಡಿಗಳಿಗೆ ಸೂಕ್ತ ವಿಧಾನಗಳು

ಎಸ್‌ಎಸ್‌ಡಿಗಳನ್ನು ಅಳಿಸಲು ಅವುಗಳ ಒಳಗಿನ ನಿಯಂತ್ರಕಕ್ಕೇ ಆಜ್ಞೆ ನೀಡಬೇಕು. ಸಾಟಾ ಡಿಸ್ಕುಗಳಲ್ಲಿ ಇದಕ್ಕೆ ಸೆಕ್ಯೂರ್ ಇರೇಸ್ ಎಂಬ ಆಜ್ಞೆಯೂ, ಎನ್‌ವಿಎಂಇ ಡಿಸ್ಕುಗಳಲ್ಲಿ ಫಾರ್ಮ್ಯಾಟ್ ಮತ್ತು ಸ್ಯಾನಿಟೈಸ್ ಎಂಬ ಆಜ್ಞೆಗಳೂ ಇವೆ. ಪೆನ್ ಡ್ರೈವ್‌ನಿಂದ ಲಿನಕ್ಸ್ ಅನ್ನು ಬೂಟ್ ಮಾಡಿ, ಎಚ್‌ಡಿಪಾರ್ಮ್ ಅಥವಾ ಎನ್‌ವಿಎಂಇ-ಸಿಎಲ್‌ಐ ಎಂಬ ಉಪಕರಣಗಳ ಮೂಲಕ ಇವುಗಳನ್ನು ನೀಡಬಹುದು. ಕೆಲವು ಗಣಕಗಳ ಬಯೋಸ್ ಮೆನುವಿನಲ್ಲೇ ಈ ಸೌಲಭ್ಯ ಇರುತ್ತದೆ. ಅನೇಕ ಗಣಕಗಳು ಆರಂಭವಾಗುವಾಗ ಸೆಕ್ಯೂರ್ ಇರೇಸ್ ಆಜ್ಞೆಯನ್ನು ತಡೆಹಿಡಿಯುತ್ತವೆ. ಗಣಕವನ್ನು ಸ್ಲೀಪ್ ಸ್ಥಿತಿಗೆ ಕಳುಹಿಸಿ ಮತ್ತೆ ಎಚ್ಚರಿಸಿದರೆ ಹೆಚ್ಚಾಗಿ ಈ ತಡೆ ತೆರವಾಗುತ್ತದೆ. ಈ ಆಜ್ಞೆ ನಡೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ಡಿಸ್ಕ್ ಪಾಸ್‌ವರ್ಡ್‌ನಿಂದ ಬೀಗ ಹಾಕಿದ ಸ್ಥಿತಿಯಲ್ಲೇ ಉಳಿಯಬಹುದು.

ತನ್ನಲ್ಲಿ ಬರೆಯುವ ಎಲ್ಲವನ್ನೂ ತಾನೇ ಗೂಢಲಿಪಿಗೆ ಪರಿವರ್ತಿಸುವ ಡಿಸ್ಕುಗಳಲ್ಲಿ, ಗೂಢಲಿಪಿಯ ಕೀಲಿಯನ್ನು ನಾಶಪಡಿಸಿದರೆ ದತ್ತಾಂಶವೆಲ್ಲ ಕ್ಷಣಾರ್ಧದಲ್ಲಿ ಓದಲಾಗದಂತಾಗುತ್ತದೆ. ಇದಕ್ಕೆ ಕ್ರಿಪ್ಟೊ ಇರೇಸ್ ಎನ್ನುತ್ತಾರೆ. 2011ರ ಮೇಲಿನ ಅಧ್ಯಯನದಲ್ಲಿ ಕೆಲವು ತಯಾರಕರು ಒಳ ಆಜ್ಞೆಗಳನ್ನು ದೋಷಪೂರಿತವಾಗಿ ಅಳವಡಿಸಿದ್ದುದು ಬೆಳಕಿಗೆ ಬಂದಿತ್ತು. ಆದ್ದರಿಂದ ಆಜ್ಞೆ ಮುಗಿದ ಮೇಲೆ ಡಿಸ್ಕನ್ನು ಓದಿ ಪರಿಶೀಲಿಸುವುದು ಇಲ್ಲಿಯೂ ಅಗತ್ಯ.

ಗಣಕವನ್ನು ಬಳಸತೊಡಗಿದ ದಿನದಿಂದಲೇ ಇಡೀ ಡಿಸ್ಕನ್ನು ಗೂಢಲಿಪೀಕರಿಸುವುದು ಇನ್ನೊಂದು ಮುಂಜಾಗ್ರತೆ. ವಿಂಡೋಸ್‌ನ ಬಿಟ್‌ಲಾಕರ್, ಮ್ಯಾಕ್‌ನ ಫೈಲ್‌ವಾಲ್ಟ್ ಮತ್ತು ಲಿನಕ್ಸ್‌ನ ಎಲ್‌ಯುಕೆಎಸ್ ಇದಕ್ಕಾಗಿ ಇರುವ ಸೌಲಭ್ಯಗಳು. ಹೀಗೆ ಮಾಡಿದ್ದರೆ ಡಿಸ್ಕ್ ಕೆಟ್ಟುಹೋದರೂ ಕಳವಾದರೂ ಕೀಲಿ ಇಲ್ಲದವರಿಗೆ ದತ್ತಾಂಶ ದಕ್ಕುವುದಿಲ್ಲ.

ಭಾರತದಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರೂ ಪ್ಲೇಸ್ ಮುಂತಾದ ಮಾರುಕಟ್ಟೆಗಳಲ್ಲಿ ಹಳೆಯ ಗಣಕಗಳು ಮತ್ತು ಬಿಡಿಭಾಗಗಳು ಮರುಮಾರಾಟವಾಗುತ್ತವೆ. ಅಳಿಸದೆ ಮಾರಿದ ಡಿಸ್ಕಿನ ಜೊತೆಗೆ ಆಧಾರ್ ಮತ್ತು ಪ್ಯಾನ್ ಕಾರ್ಡುಗಳ ಪ್ರತಿಗಳು, ಬ್ಯಾಂಕ್ ವಿವರಗಳು, ಕುಟುಂಬದ ಛಾಯಾಚಿತ್ರಗಳು ಅಪರಿಚಿತರ ಕೈಸೇರುವ ಅಪಾಯವಿದೆ. ಸಂಸ್ಥೆಗಳಿಗೆ ಇದು ಕಾನೂನಿನ ಪ್ರಶ್ನೆಯೂ ಹೌದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಸಂಗ್ರಹಿಸಿದ ಉದ್ದೇಶ ಮುಗಿದ ಬಳಿಕ ವೈಯಕ್ತಿಕ ದತ್ತಾಂಶವನ್ನು ಅಳಿಸುವ ಹೊಣೆಯನ್ನು ಸಂಸ್ಥೆಗಳ ಮೇಲೆ ಹೊರಿಸುತ್ತದೆ. ಬೇರೆ ಕಾನೂನಿನ ಪ್ರಕಾರ ಉಳಿಸಿಕೊಳ್ಳಬೇಕಾದ ದತ್ತಾಂಶಕ್ಕೆ ಇದರಿಂದ ವಿನಾಯಿತಿಯಿದೆ. ದತ್ತಾಂಶ ಸೋರಿಕೆಯನ್ನು ತಡೆಯಲು ತಕ್ಕ ಭದ್ರತಾ ಕ್ರಮಗಳನ್ನು ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಡಿಬ್ಯಾನ್ ಪ್ರಮಾಣಪತ್ರ ನೀಡದಿರುವುದರಿಂದ, ಅಳಿಸಿದ್ದಕ್ಕೆ ದಾಖಲೆ ಬೇಕಾದ ಸಂಸ್ಥೆಗಳಿಗೆ ಪಿಡಿಎಫ್ ವರದಿ ಒದಗಿಸುವ ಎನ್‌ವೈಪ್‌ನ ಇತ್ತೀಚಿನ ಆವೃತ್ತಿಗಳು ಅಥವಾ ವಾಣಿಜ್ಯ ತಂತ್ರಾಂಶಗಳು ಹೆಚ್ಚು ಸೂಕ್ತ.

2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಇವು ಮುಖ್ಯವಾಗಿ ಪರಿಸರ ಸಂರಕ್ಷಣೆಗೆ ಸಂಬಂಧಿಸಿದವು. ಹಳೆಯ ಗಣಕವನ್ನು ಅಧಿಕೃತ ಮರುಬಳಕೆ ಘಟಕಕ್ಕೆ ಒಪ್ಪಿಸಿದರೂ, ಅದಕ್ಕೂ ಮುನ್ನ ಡಿಸ್ಕನ್ನು ಅಳಿಸಿ ಪರಿಶೀಲಿಸುವುದು ಸುರಕ್ಷಿತ. ಸರಿಯಾಗಿ ಅಳಿಸಿದ ಹಾರ್ಡ್ ಡಿಸ್ಕ್ ಹಾಳಾಗುವುದಿಲ್ಲ. ಹೊಸದಾಗಿ ಆಪರೇಟಿಂಗ್ ಸಿಸ್ಟಂ ಅನುಸ್ಥಾಪಿಸಿ ಶಾಲೆಯೊಂದಕ್ಕೋ ಬೇರೊಬ್ಬ ಬಳಕೆದಾರರಿಗೋ ಅದನ್ನು ನಿಶ್ಚಿಂತೆಯಿಂದ ನೀಡಬಹುದು.